ಗಡಿಯಾರ ಸರಿ, ಗಂಟೆ ತಪ್ಪು

ಮಾರ್ಚ್ ಎರಡನೇ ವಾರದ ಸೋಮವಾರ. ಸೂರತ್‌ನ ವರಾಛಾ, ಮಹೀಧರಪುರಾದ ವಜ್ರದ ಕಚೇರಿಗಳಲ್ಲಿ ಸಂಜೆಯಾಗುತ್ತಿದ್ದಂತೆ ಫೋನುಗಳಿಗೆ ಬಿಡುವಿಲ್ಲ. ನ್ಯೂಯಾರ್ಕ್‌ನ ಖರೀದಿದಾರ ತನ್ನ ಬೆಳಿಗ್ಗೆ 9ಕ್ಕೆ ವಿಡಿಯೊ ಕರೆಯಲ್ಲಿ ಸಿಗುವುದು ವಾಡಿಕೆ. ಚಳಿಗಾಲವಿಡೀ ಅದು ಇಲ್ಲಿ ರಾತ್ರಿ 7.30 ಆಗಿತ್ತು. ಹಿಂದಿನ ದಿನ ಭಾನುವಾರ ಅಮೆರಿಕದವರು ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ದಾರೆ, ಹಾಗಾಗಿ ಇಂದಿನಿಂದ 6.30. ಹೊಸ ಸಾಫ್ಟ್‌ವೇರ್ ಇರುವ ಮೇಜಿನಲ್ಲಿ ಕರೆಯ ಹೊತ್ತು ತಾನಾಗಿಯೇ ಬದಲಾಗಿದೆ. ಪಕ್ಕದ ಮೇಜಿನ ಹಳೆಯ ವ್ಯವಸ್ಥೆ ಮಾತ್ರ ಇನ್ನೂ 7.30 ಎನ್ನುತ್ತಿದೆ. ಎರಡೂ ಪರದೆಗಳ ಮೂಲೆಯಲ್ಲಿ ಓಡುತ್ತಿರುವ ಗಡಿಯಾರಗಳು ಸೆಕೆಂಡಿಗೆ ಸೆಕೆಂಡು ಹೊಂದುತ್ತವೆ.

ಗಡಿಯಾರ ಸರಿಯಿದ್ದೂ ಗಂಟೆ ತಪ್ಪುವುದು ಹೇಗೆ? ಕಂಪ್ಯೂಟರ್ ಸಮಯವನ್ನು ಎಣಿಸುವುದು ಒಂದು ಕೆಲಸ, ಅದನ್ನು ಊರಿನ ಗಂಟೆಯಾಗಿ ಹೇಳುವುದು ಬೇರೆಯೇ ಕೆಲಸ. ಎರಡನೆಯ ಕೆಲಸಕ್ಕೆ ಒಂದು ಲೈಬ್ರರಿ ಬೇಕು, ಒಂದು ದತ್ತಾಂಶ ಕಡತ ಬೇಕು. ಎರಡಕ್ಕೂ ಆವೃತ್ತಿಗಳಿವೆ, ಆವೃತ್ತಿ ಬದಲಾದರೆ ಉತ್ತರವೂ ಬದಲಾಗಬಹುದು.

ಬೆಳಗಿನ 5.30ರ ಗುಟ್ಟು

ಮೊಬೈಲಿನಲ್ಲಿ ಕೆಟ್ಟುಹೋದ ಫೋಟೊ ಒಂದಕ್ಕೆ 1970ರ ಜನವರಿ 1, ಬೆಳಿಗ್ಗೆ 5.30 ಎಂಬ ದಿನಾಂಕ ಬಿದ್ದಿರುವುದನ್ನು ನೀವು ನೋಡಿರಬಹುದು. ಅದು ಕಂಪ್ಯೂಟರ್ ಎಣಿಕೆಯ ಸೊನ್ನೆ. ಯುನಿಕ್ಸ್ ಪರಂಪರೆಯ ಎಲ್ಲ ವ್ಯವಸ್ಥೆಗಳೂ ವಿಶ್ವ ಸಮಯದ, ಅಂದರೆ ಯುಟಿಸಿಯ, 1970ರ ಜನವರಿ 1ರ ಮಧ್ಯರಾತ್ರಿಯಿಂದ ಸೆಕೆಂಡುಗಳನ್ನು ಎಣಿಸುತ್ತ ಬಂದಿವೆ. ಆ ಮಧ್ಯರಾತ್ರಿ ಭಾರತದಲ್ಲಿ ಬೆಳಗಿನ ಐದೂವರೆ. ದಿನಾಂಕವೇ ಇಲ್ಲದ ಕಡತಕ್ಕೆ ಯಂತ್ರ ಸೊನ್ನೆ ಎಂದು ಬರೆದರೆ ನಮಗೆ ಕಾಣುವುದು ಐದೂವರೆ.

ಈ ಎಣಿಕೆಗೆ ಊರಿಲ್ಲ. ಅಹಮದಾಬಾದ್, ಆಂಟ್ವರ್ಪ್, ನ್ಯೂಯಾರ್ಕ್ ಮೂರರಲ್ಲೂ ಅದು ಒಂದೇ ಸಂಖ್ಯೆ. ಅದನ್ನು ವರ್ಷ, ತಿಂಗಳು, ಗಂಟೆ, ನಿಮಿಷವಾಗಿ ಒಡೆದು ಕೊಡುವುದು ಸಿ ಭಾಷೆಯ ಲೈಬ್ರರಿಯಲ್ಲಿರುವ ಒಂದು ಪುಟ್ಟ ಕ್ರಿಯೆ. ಲಿನಕ್ಸ್ ಮೇಲೆ ಓಡುವ ಎಷ್ಟೋ ಪ್ರೋಗ್ರಾಂಗಳು, ಬೇರೆ ಭಾಷೆಯಲ್ಲಿ ಬರೆದವೂ ಸೇರಿ, ‘ಈಗ ಇಲ್ಲಿ ಗಂಟೆ ಎಷ್ಟು’ ಎಂದು ಕೊನೆಗೆ ಕೇಳುವುದು ಇದನ್ನೇ.

ಪಂಚಾಂಗವೂ ಜೋಯಿಸರೂ

ಲೈಬ್ರರಿಯನ್ನು ಜೋಯಿಸರೆಂದುಕೊಳ್ಳಿ. ಜೋಯಿಸರಿಗೆ ಪಂಚಾಂಗ ಬೇಕು. ಯಾವ ದೇಶ ಯಾವ ವರ್ಷದಿಂದ ಯುಟಿಸಿಗಿಂತ ಎಷ್ಟು ಮುಂದೆ, ಎಷ್ಟು ಹಿಂದೆ, ಬೇಸಿಗೆಯಲ್ಲಿ ಗಡಿಯಾರ ತಿರುಗಿಸುತ್ತದೆಯೋ ಇಲ್ಲವೋ, ಎಲ್ಲವನ್ನೂ ಬರೆದಿಟ್ಟ ಪಂಚಾಂಗ.

ಅಂಥದ್ದೊಂದನ್ನು 1980ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆಲಸಕ್ಕಿದ್ದ ಆರ್ಥರ್ ಡೇವಿಡ್ ಓಲ್ಸನ್ ಶುರುಮಾಡಿದರು. ಈಗ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಾಲ್ ಎಗರ್ಟ್ ಅದರ ಹೊಣೆ ಹೊತ್ತಿದ್ದಾರೆ. ಜಗತ್ತಿನ ನಾನಾ ಕಡೆಯ ಸ್ವಯಂಸೇವಕರು ಗೆಜೆಟ್, ಪತ್ರಿಕೆ, ಹಳೆಯ ಕಾನೂನುಗಳನ್ನು ಹುಡುಕಿ ತಿದ್ದುಪಡಿ ಕಳಿಸುತ್ತಾರೆ. ವರ್ಷಕ್ಕೆ ಹಲವು ಬಾರಿ ಹೊಸ ಆವೃತ್ತಿ ಹೊರಬರುತ್ತದೆ, ಯಾರೂ ದುಡ್ಡು ಕೇಳುವುದಿಲ್ಲ. ಆಂಡ್ರಾಯ್ಡ್ ಫೋನು, ಐಫೋನು, ಲಿನಕ್ಸ್ ಸರ್ವರ್ ಎಲ್ಲವೂ ನೆಚ್ಚಿಕೊಂಡಿರುವುದು ಇದನ್ನೇ.

ಈ ದತ್ತಾಂಶ 2011ರಲ್ಲಿ ನಿಂತೇಹೋಗುವುದರಲ್ಲಿತ್ತು. ಜ್ಯೋತಿಷ್ಯದ ಸಾಫ್ಟ್‌ವೇರ್ ಮಾರುವ ಅಸ್ಟ್ರೊಲೇಬ್ ಎಂಬ ಅಮೆರಿಕದ ಕಂಪನಿ, ಹಳೆಯ ಗಡಿಯಾರಗಳ ವಿವರ ತನ್ನ ಸ್ವತ್ತೆಂದು ಓಲ್ಸನ್ ಮತ್ತು ಎಗರ್ಟ್ ಮೇಲೆ ಮೊಕದ್ದಮೆ ಹೂಡಿತು. ಕಂಪನಿ ಮುಂದಿನ ವರ್ಷ ಹಿಂದೆಗೆಯಿತು. ಅಷ್ಟರಲ್ಲಿ ಇಂಟರ್‌ನೆಟ್ ವಿಳಾಸಗಳನ್ನು ನೋಡಿಕೊಳ್ಳುವ ಅಯಾನಾ ಸಂಸ್ಥೆ ದತ್ತಾಂಶಕ್ಕೆ ಆಶ್ರಯ ಕೊಟ್ಟಿತ್ತು. ಒಬ್ಬಿಬ್ಬರ ಶ್ರದ್ಧೆಯ ಮೇಲೆ ಜಗತ್ತಿನ ಗಡಿಯಾರಗಳು ನಿಂತಿದ್ದವೆಂಬುದನ್ನು ನೆನೆದರೆ ಅವರ ಬಗ್ಗೆ ಗೌರವ ಮೂಡುತ್ತದೆ, ಭಯವೂ ಆಗುತ್ತದೆ.

ಇನ್ನು ಜೋಯಿಸರು ಒಬ್ಬರಲ್ಲ. ಡೆಬಿಯನ್, ಉಬುಂಟು, ರೆಡ್‌ಹ್ಯಾಟ್ ಮುಂತಾದ ಲಿನಕ್ಸ್‌ಗಳಲ್ಲಿರುವುದು ಗ್ನು ಯೋಜನೆಯ ಗ್ಲಿಬ್‌ಸಿ. ಗಾತ್ರದಲ್ಲಿ ಚಿಕ್ಕದಾಗಿದ್ದು, ಕ್ಲೌಡ್ ಸರ್ವರ್‌ಗಳಲ್ಲಿ ಬಹಳ ಬಳಕೆಯಾಗುವ ಆಲ್ಪೈನ್ ಲಿನಕ್ಸ್‌ನಲ್ಲಿರುವುದು ಮಸ್ಲ್.

ಒಂದೇ ಪ್ರಶ್ನೆ, ಬೇರೆ ಬೇರೆ ಉತ್ತರ

ಅಹಮದಾಬಾದಿನ ಸಾಫ್ಟ್‌ವೇರ್ ಕಂಪನಿಯೊಂದು ತನ್ನ ಪ್ರೋಗ್ರಾಂ ಅನ್ನು ಉಬುಂಟುವಿನಿಂದ ಆಲ್ಪೈನ್‌ಗೆ ಬದಲಾಯಿಸುತ್ತದೆ ಎನ್ನೋಣ. ಸಮಯ ವಲಯ ‘ಏಷ್ಯಾ/ಕೊಲ್ಕತ್ತಾ’ ಎಂದು ಮೊದಲೇ ಬರೆದಿಟ್ಟಿದೆ. ಆದರೆ ಆಲ್ಪೈನ್‌ನ ಮೂಲ ಪ್ಯಾಕೇಜಿನಲ್ಲಿ ಆ ಪಂಚಾಂಗವೇ ಇರುವುದಿಲ್ಲ, ಬೇಕೆಂದವರು ಬೇರೆಯಾಗಿ ಹಾಕಿಕೊಳ್ಳಬೇಕು. ಕಡತ ಸಿಗದಿದ್ದಾಗ ಲೈಬ್ರರಿ ತಕರಾರು ಮಾಡುವುದಿಲ್ಲ, ತಪ್ಪಿನ ಸಂದೇಶವನ್ನೂ ಕೊಡುವುದಿಲ್ಲ. ಸದ್ದಿಲ್ಲದೆ ಯುಟಿಸಿಗೆ ಜಾರುತ್ತದೆ.

ಜಾರುವ ಬಗೆಯಲ್ಲೂ ವ್ಯತ್ಯಾಸವಿದೆ. ಮಸ್ಲ್‌ನ ಇತ್ತೀಚಿನ ಆವೃತ್ತಿಗಳು ವಲಯದ ಹೆಸರನ್ನು ‘ಯುಟಿಸಿ’ ಎಂದೇ ತೋರಿಸುತ್ತವೆ, ಕಣ್ಣಿಟ್ಟು ನೋಡಿದವರಿಗೆ ಗೊತ್ತಾದೀತು. ಗ್ಲಿಬ್‌ಸಿ ಬಹುಕಾಲದಿಂದ ಮಾಡುತ್ತ ಬಂದದ್ದು ಇನ್ನೂ ಮೋಸಗೊಳಿಸುವಂಥದ್ದು. ಕಡತವಿಲ್ಲದ ‘ಏಷ್ಯಾ/ಕೊಲ್ಕತ್ತಾ’ವನ್ನು ಅದು ಓರೆಗೆರೆಯ ತನಕ ಓದಿ, ‘ಏಷ್ಯಾ’ ಎಂಬ ಹೆಸರಿನ ವಲಯವೊಂದನ್ನು ತಾನೇ ಕಟ್ಟಿಕೊಂಡು, ಯುಟಿಸಿಯ ಗಂಟೆಯ ಮುಂದೆ ಆ ಹೆಸರನ್ನು ಅಚ್ಚು ಹಾಕುತ್ತದೆ. ಹೆಸರು ಏಷ್ಯಾದ್ದು, ಗಂಟೆ ಗ್ರೀನ್‌ವಿಚ್‌ನದು. ಹೀಗೆ ಮೌನವಾಗಿ ತಪ್ಪುವುದಕ್ಕಿಂತ ಪ್ರೋಗ್ರಾಂ ನಿಂತುಹೋಗುವುದೇ ಮೇಲು ಎಂದು ನನ್ನ ಅಭಿಪ್ರಾಯ.

ಹೆಸರಿನ ಇನ್ನೊಂದು ಕಥೆ ನಮ್ಮದೇ. ಭಾರತದ ವಲಯಕ್ಕೆ ಮೊದಲಿದ್ದ ಹೆಸರು ‘ಏಷ್ಯಾ/ಕಲ್ಕತ್ತಾ’. ನಗರದ ಹೆಸರು 2001ರಲ್ಲಿ ಬದಲಾಯಿತು, ದತ್ತಾಂಶದಲ್ಲಿ 2008ರಲ್ಲಿ. ಅದಕ್ಕೂ ಹಿಂದಿನ ಪಂಚಾಂಗ ಇಟ್ಟುಕೊಂಡ ಯಂತ್ರಕ್ಕೆ ‘ಕೊಲ್ಕತ್ತಾ’ ಗೊತ್ತಿಲ್ಲ, ಅದು ಯುಟಿಸಿಗೆ ಹೋಗುತ್ತದೆ. ಈಚೆಗೆ ತದ್ವಿರುದ್ಧ. ಉಬುಂಟು 24.04, ಡೆಬಿಯನ್ 13 ಬಂದಾಗ ಹಳೆಯ ಹೆಸರುಗಳನ್ನೆಲ್ಲ ತೆಗೆದು ಪ್ರತ್ಯೇಕ ಪ್ಯಾಕೇಜಿನಲ್ಲಿಟ್ಟರು. ಭಾರತದ ಎಷ್ಟೋ ಕಂಪ್ಯೂಟರುಗಳು ಇಂದಿಗೂ ತಮ್ಮನ್ನು ‘ಏಷ್ಯಾ/ಕಲ್ಕತ್ತಾ’ ಎಂದೇ ಪರಿಚಯಿಸಿಕೊಳ್ಳುತ್ತವೆ. ಅವು ಹೊಸ ಸರ್ವರಿನ ಪೋಸ್ಟ್‌ಗ್ರೆಸ್ ಡೇಟಾಬೇಸಿಗೆ ಸಂಪರ್ಕ ಕೇಳಿದರೆ ‘ಇಂಥ ವಲಯವಿಲ್ಲ’ ಎಂಬ ಉತ್ತರ ಬರುತ್ತದೆ.

‘ಐಎಸ್‌ಟಿ’ ಎಂದು ಮೂರಕ್ಷರ ಬರೆದರೆ ಸಾಕಲ್ಲವೇ ಎಂದು ಕೇಳಬಹುದು. ಸಾಲದು. ಇಸ್ರೇಲಿನ ಸಮಯವೂ ಐಎಸ್‌ಟಿ, ಐರ್ಲೆಂಡಿನ ಬೇಸಿಗೆ ಸಮಯವೂ ಐಎಸ್‌ಟಿ. ಅದೇ ಪೋಸ್ಟ್‌ಗ್ರೆಸ್‌ನ ಮೂಲ ಪಟ್ಟಿಯಲ್ಲಿರುವ ಐಎಸ್‌ಟಿ ಇಸ್ರೇಲಿನದು, ಭಾರತದ್ದು ಬೇಕೆಂದರೆ ‘ಇಂಡಿಯಾ’ ಎಂಬ ಬೇರೆ ಪಟ್ಟಿಯನ್ನು ಹೇಳಿ ಹಾಕಿಸಬೇಕು. ವ್ಯತ್ಯಾಸ ಮೂರೂವರೆ ಗಂಟೆ.

ಕಡತದ ಗೊಡವೆಯೇ ಬೇಡವೆಂದು ಅಂತರವನ್ನು ಕೈಯಿಂದ ಬರೆಯುವವರಿದ್ದಾರೆ. ಅಲ್ಲೊಂದು ಗುಂಡಿಯಿದೆ. ಪೊಸಿಕ್ಸ್ ಎಂಬ ಹಳೆಯ ನಿಯಮದ ಪ್ರಕಾರ ಗ್ರೀನ್‌ವಿಚ್‌ನ ಪಶ್ಚಿಮಕ್ಕೆ ಕೂಡು ಚಿಹ್ನೆ, ಪೂರ್ವಕ್ಕೆ ಕಳೆ ಚಿಹ್ನೆ. ಹಾಗಾಗಿ ಭಾರತಕ್ಕೆ ಬರೆಯಬೇಕಾದ್ದು ಮೈನಸ್ ಐದೂವರೆ. ನಮಗೆ ರೂಢಿಯಿರುವಂತೆ ಪ್ಲಸ್ ಐದೂವರೆ ಎಂದರೆ ಗಂಟೆ ಹನ್ನೊಂದು ತಾಸು ಹಿಂದಕ್ಕೆ ಬೀಳುತ್ತದೆ.

ಇನ್ನೊಂದು ಬದಲಾವಣೆ 2020ರ ಅಕ್ಟೋಬರಿನದು. ಅಲ್ಲಿಯವರೆಗೆ ಈ ಕಡತಗಳಲ್ಲಿ ಒಂದೇ ವಿಷಯ ಎರಡು ಸಲ ಇರುತ್ತಿತ್ತು, ಹಳೆಯ ಲೈಬ್ರರಿಗಳಿಗಾಗಿ 32 ಬಿಟ್‌ನ ಭಾಗ, ಹೊಸದಕ್ಕೆ 64 ಬಿಟ್‌ನ ಭಾಗ. ಆ ತಿಂಗಳ ಆವೃತ್ತಿಯಿಂದ ಮೊದಲ ಭಾಗವನ್ನು ಖಾಲಿಬಿಟ್ಟು ಕಡತವನ್ನು ತೆಳ್ಳಗೆ ಮಾಡಿದರು. ಮೊದಲ ಭಾಗವನ್ನಷ್ಟೇ ಓದಬಲ್ಲ ಹಳೆಯ ಪ್ರೋಗ್ರಾಂಗಳಿಗೆ ಪಂಚಾಂಗ ಕೈಯಲ್ಲಿದ್ದೂ ಪುಟ ಖಾಲಿ.

ಮಾರ್ಚ್ 31ರ ರಾತ್ರಿ

ಐದೂವರೆ ಗಂಟೆ ತಪ್ಪಿದರೆ ಏನಾಗುತ್ತದೆ? ಹಗಲಿನಲ್ಲಾದರೆ ಯಾರಾದರೂ ನೋಡಿ ಸರಿಪಡಿಸುತ್ತಾರೆ. ತೊಂದರೆ ಇರುವುದು ಮಧ್ಯರಾತ್ರಿಯಿಂದ ಬೆಳಗಿನ ಐದೂವರೆಯ ನಡುವೆ, ಏಕೆಂದರೆ ಆ ಹೊತ್ತಿನಲ್ಲಿ ಗಂಟೆಯ ಜೊತೆ ದಿನಾಂಕವೂ ಬದಲಾಗುತ್ತದೆ.

ವಡೋದರಾದ ಸುತ್ತ ರಾಸಾಯನಿಕ, ಔಷಧ, ಪೆಟ್ರೋಕೆಮಿಕಲ್ ಕಾರ್ಖಾನೆಗಳು ಮೂರೂ ಪಾಳಿ ನಡೆಯುತ್ತವೆ. ಏಪ್ರಿಲ್ 1ರ ರಾತ್ರಿ 2ಕ್ಕೆ ಗೇಟಿನಿಂದ ಹೊರಟ ಲಾರಿಯ ಸರಕನ್ನು ಯುಟಿಸಿಯಲ್ಲಿರುವ ಸರ್ವರ್ ಮಾರ್ಚ್ 31, ರಾತ್ರಿ 8.30 ಎಂದು ಬರೆದುಕೊಳ್ಳುತ್ತದೆ. ಅಲ್ಲಿಗೆ ಒಂದು ಬಿಲ್ಲು ಹಿಂದಿನ ಹಣಕಾಸು ವರ್ಷಕ್ಕೆ ಹೋಯಿತು. ರಾತ್ರಿಪಾಳಿಯವರ ಹಾಜರಿ, ಔಷಧದ ಬ್ಯಾಚಿನ ದಿನಾಂಕ, ಬಡ್ಡಿ ಲೆಕ್ಕದ ದಿನ, ಎಲ್ಲಕ್ಕೂ ಇದೇ ಗತಿ. ರಾತ್ರಿ 12ಕ್ಕೆ ನಡೆಯಬೇಕಾದ ದಿನದ ಲೆಕ್ಕ ಮುಗಿಸುವ ಕೆಲಸ ಬೆಳಗಿನ ಐದೂವರೆಗೆ ಶುರುವಾಗಿ, ಬೆಳಗಿನ ಪಾಳಿ ಬರುವ ಹೊತ್ತಿಗೂ ಮುಗಿದಿರುವುದಿಲ್ಲ. ಲೆಕ್ಕಪತ್ರದವರು ದಿನಗಟ್ಟಲೆ ಹುಡುಕಿದರೂ ತಪ್ಪು ಸಿಗದಿರುವುದಕ್ಕೆ ಕಾರಣ, ಯಾವ ನಮೂದೂ ಕಳೆದುಹೋಗಿರುವುದಿಲ್ಲ. ಎಲ್ಲವೂ ಇರುತ್ತವೆ, ಪಕ್ಕದ ದಿನದಲ್ಲಿ.

ಅಹಮದಾಬಾದಿಗೂ ಗಾಂಧಿನಗರಕ್ಕೂ ನಡುವೆ, ಸಾಬರಮತಿಯ ದಂಡೆಯ ಗಿಫ್ಟ್ ಸಿಟಿಯಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಸಿಂಗಪುರದಲ್ಲಿ ನಡೆಯುತ್ತಿದ್ದ ನಿಫ್ಟಿ ಫ್ಯೂಚರ್ಸ್ ವಹಿವಾಟು 2023ರ ಜುಲೈ 3ರಂದು ಗಿಫ್ಟ್ ನಿಫ್ಟಿ ಎಂಬ ಹೆಸರಿನಲ್ಲಿ ಇಲ್ಲಿಗೆ ಪೂರ್ತಿ ಬಂತು. ಬೆಳಿಗ್ಗೆ 6.30ಕ್ಕೆ, ಅಂದರೆ ಸಿಂಗಪುರದ 9 ಗಂಟೆಗೆ ತೆರೆದರೆ, ನಡುವೆ ಒಂದು ಬಿಡುವು ಬಿಟ್ಟು, ಮರುದಿನ ನಸುಕಿನ 2.45ರವರೆಗೆ. ನಮ್ಮ ಗಡಿಯಾರದಲ್ಲಿ ಒಂದು ದಿನದ ವಹಿವಾಟು ಎರಡು ದಿನಾಂಕಕ್ಕೆ ಹರಡುತ್ತದೆ. ಯುಟಿಸಿಯಲ್ಲಾದರೋ ಅದು ರಾತ್ರಿ 1ರಿಂದ ಅದೇ ದಿನದ ರಾತ್ರಿ 9.15. ಒಂದೇ ದಿನಾಂಕದೊಳಗೆ ಮುಗಿಯಿತು. ಯುಟಿಸಿಯೇ ತಪ್ಪೆನ್ನುವುದು ಸರಿಯಲ್ಲ. ಕ್ಷಣವನ್ನು ಯುಟಿಸಿಯಲ್ಲಿ ಇಟ್ಟುಕೊಂಡು, ತೋರಿಸುವಾಗ ಯಾವ ಊರಿಗೆಂದು ಸ್ಪಷ್ಟವಾಗಿ ಹೇಳಿ ಪರಿವರ್ತಿಸುವುದು ಒಳ್ಳೆಯ ಕ್ರಮ. ಹೇಳದೆ ಬಿಟ್ಟು ಲೈಬ್ರರಿಯ ಊಹೆಗೆ ಒಪ್ಪಿಸಿದರೆ ಕೆಡುತ್ತದೆ.

1930ರಲ್ಲಿ ಸೂರತ್‌ನಲ್ಲಿ ಹುಟ್ಟಿದವರ ಜಾತಕ

ಭಾರತಕ್ಕೆ ಒಂದೇ ಸಮಯ ಎಂಬುದು ನಮಗೆ ಎಷ್ಟು ಸಹಜವೆಂದರೆ ಅದಕ್ಕೊಂದು ಇತಿಹಾಸವಿದೆ ಎಂಬುದೇ ಮರೆತಿದೆ. ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ ನಮ್ಮೆಲ್ಲರ ಸಮಯ. ಸೂರ್ಯನನ್ನು ನೋಡಿದರೆ ಅಹಮದಾಬಾದ್ ಅದಕ್ಕಿಂತ ಸುಮಾರು 40 ನಿಮಿಷ ಹಿಂದೆ, ಸೂರತ್ 39, ವಡೋದರಾ 37, ಬೆಂಗಳೂರು 20. ಉತ್ತರಾಯಣದ ದಿನ ಗಾಳಿಪಟ ಹಿಡಿದು ಮಾಳಿಗೆ ಹತ್ತುವ ಅಹಮದಾಬಾದಿನ ಮಕ್ಕಳಿಗೆ ಸೂರ್ಯ ಕಾಣುವುದು 7.20ರ ಆಸುಪಾಸಿನಲ್ಲಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಂಬೆಗೆ ಒಂದು ಸಮಯ, ಕಲ್ಕತ್ತಾಕ್ಕೆ ಒಂದು, ರೈಲುಗಳಿಗೆ ಮದ್ರಾಸ್ ವೀಕ್ಷಣಾಲಯದ ಸಮಯ. ಬಾಂಬೆ ಗವರ್ನರ್ ಜೇಮ್ಸ್ ಫರ್ಗುಸನ್ 1881ರಲ್ಲಿ ಮದ್ರಾಸ್ ಸಮಯವನ್ನು ಹೇರಹೊರಟು, ಜನ ಒಪ್ಪದೆ ಎರಡು ವರ್ಷದಲ್ಲಿ ಕೈಬಿಟ್ಟರು. ಐದೂವರೆ ಗಂಟೆಯ ಭಾರತೀಯ ಸಮಯ 1906ರ ಜನವರಿ 1ರಂದು ಬಂದ ಮೇಲೂ ಬಾಂಬೆ ನಗರಪಾಲಿಕೆ ತನ್ನ 4 ಗಂಟೆ 51 ನಿಮಿಷದ ಹಳೆಯ ಸಮಯವನ್ನು 1955ರವರೆಗೆ ಬಿಡಲಿಲ್ಲ. ಯುದ್ಧಕಾಲದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಮುಂದಿದ್ದವು. ಆ ಮೂರು ವರ್ಷಗಳಲ್ಲಿ ಬೆಳಿಗ್ಗೆ 7ಕ್ಕೆ ಹುಟ್ಟಿದ ಮಗುವಿನ ನಿಜವಾದ ಹೊತ್ತು ಈಗಿನ ಲೆಕ್ಕದಲ್ಲಿ 6.

ಇದೆಲ್ಲ ಆ ದತ್ತಾಂಶದೊಳಗಿದೆ, ಆದರೆ ಎಲ್ಲ ಆವೃತ್ತಿಗಳಲ್ಲೂ ಒಂದೇ ತೆರನಾಗಿಲ್ಲ. ಹಳೆಯ ಆವೃತ್ತಿಗಳು ‘ಕೊಲ್ಕತ್ತಾ’ ವಲಯಕ್ಕೆ 1941ರವರೆಗೂ ಆ ನಗರದ ಸ್ಥಳೀಯ ಸಮಯವನ್ನೇ, ಅಂದರೆ 5 ಗಂಟೆ 53 ನಿಮಿಷ 20 ಸೆಕೆಂಡನ್ನು, ಕೊಟ್ಟಿದ್ದವು. ಹೊಸ ಆವೃತ್ತಿಗಳು 1906ರಿಂದಲೇ ಐದೂವರೆ ಎನ್ನುತ್ತವೆ. ಸೂರತ್‌ನಲ್ಲಿ 1930ರಲ್ಲಿ ಬೆಳಿಗ್ಗೆ 6ಕ್ಕೆ ಹುಟ್ಟಿದವರ ಜಾತಕವನ್ನು ಎರಡು ಕಂಪ್ಯೂಟರಿನಲ್ಲಿ ಹಾಕಿಸಿದರೆ, ಊರು, ದಿನ, ಹೊತ್ತು ಎಲ್ಲ ಒಂದೇ ಇದ್ದರೂ, 23 ನಿಮಿಷ 20 ಸೆಕೆಂಡಿನ ವ್ಯತ್ಯಾಸ. ಲಗ್ನ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುವುದರಿಂದ ಇಷ್ಟು ವ್ಯತ್ಯಾಸಕ್ಕೆ ಅದೂ ಪಲ್ಲಟವಾಗಬಹುದು. ಈ ಎರಡರಲ್ಲಿ ಯಾವುದೂ ಬಾಂಬೆ ಸಮಯವನ್ನು ಲೆಕ್ಕಕ್ಕೆ ಹಿಡಿದಿಲ್ಲ. ದತ್ತಾಂಶದವರ ಭರವಸೆ ಇರುವುದು 1970ರಿಂದ ಈಚೆಗೆ ಮಾತ್ರ. ಅದಕ್ಕೂ ಹಿಂದಿನದಕ್ಕೆ ಒಂದು ದೇಶದೊಳಗಿನ ಸ್ಥಳೀಯ ಭೇದಗಳನ್ನು ಅವರು ಪೂರ್ತಿ ಹೇಳುವುದಿಲ್ಲ. ಹಳೆಯ ಜನನ ದಾಖಲೆ, ಹಳೆಯ ಹವಾಮಾನ ದಾಖಲೆಗಳ ಮೇಲೆ ಕೆಲಸ ಮಾಡುವವರು ಇದನ್ನು ತಿಳಿದಿರಬೇಕು.

ರಾತ್ರೋರಾತ್ರಿ ಬದಲಾಗುವ ದೇಶಗಳು

ದಶಕಗಳಿಂದ ನಾವು ಗಡಿಯಾರ ತಿರುಗಿಸಿಲ್ಲ. ಆ ನಿಶ್ಚಿಂತೆಯೇ ನಮ್ಮನ್ನು ಅಜಾಗರೂಕರನ್ನಾಗಿಸಿದೆ. ನಮ್ಮ ಗಡಿಯಾರ ಕದಲದಿದ್ದರೂ ನಮ್ಮ ವ್ಯಾಪಾರ, ನಮ್ಮ ಮಕ್ಕಳು ಇರುವ ಊರುಗಳ ಗಡಿಯಾರಗಳು ಕದಲುತ್ತವೆ.

ಅಮೆರಿಕ ತನ್ನ ಬೇಸಿಗೆ ಸಮಯವನ್ನು 2007ರಿಂದ ಹಿಗ್ಗಿಸಿತು. ಮೊದಲು ಏಪ್ರಿಲ್‌ನ ಮೊದಲ ಭಾನುವಾರದಿಂದ ಅಕ್ಟೋಬರ್‌ನ ಕೊನೆಯ ಭಾನುವಾರದವರೆಗೆ ಇದ್ದದ್ದು ಮಾರ್ಚ್‌ನ ಎರಡನೆಯ ಭಾನುವಾರದಿಂದ ನವೆಂಬರ್‌ನ ಮೊದಲ ಭಾನುವಾರದವರೆಗೆ ಆಯಿತು. ಹಿಂದಿನ ನಿಯಮದ ಯಂತ್ರ ಆ ಹೆಚ್ಚುವರಿ ವಾರಗಳಲ್ಲಿ ಒಂದು ಗಂಟೆ ತಪ್ಪುತ್ತದೆ. ಸೂರತ್‌ನ ಆ ಹಳೆಯ ಮೇಜಿನಲ್ಲಿ ಆಗಿದ್ದು ಇದೇ.

ಲೆಬನಾನ್ ಸರ್ಕಾರ 2023ರ ಮಾರ್ಚ್‌ನಲ್ಲಿ, ಬದಲಾವಣೆಗೆ ಕೆಲವೇ ದಿನಗಳಿರುವಾಗ, ರಂಜಾನ್ ಕಾರಣಕ್ಕೆ ಬೇಸಿಗೆ ಸಮಯವನ್ನು ಮುಂದೂಡಿತು. ಕೆಲವು ಸಂಸ್ಥೆಗಳು ಒಪ್ಪಿದವು, ಕೆಲವು ಒಪ್ಪಲಿಲ್ಲ. ಒಂದೇ ದೇಶದಲ್ಲಿ ಎರಡು ಗಂಟೆ ನಡೆದು, ಕೊನೆಗೆ ಸರ್ಕಾರ ಮಾತು ಹಿಂತೆಗೆದುಕೊಂಡಿತು. ದತ್ತಾಂಶದವರು ಒಂದು ಆವೃತ್ತಿ ಹೊರಡಿಸಿ, ಅದರ ಬೆನ್ನಿಗೇ ರದ್ದುಮಾಡುವ ಇನ್ನೊಂದನ್ನು ಹೊರಡಿಸಬೇಕಾಯಿತು. ಕಜಕಸ್ತಾನ 2024ರ ಮಾರ್ಚ್ 1ರಂದು ಇಡೀ ದೇಶವನ್ನು ಒಂದೇ ವಲಯಕ್ಕೆ ತಂದಿತು. ಭಾರತಕ್ಕಿಂತ ಅರ್ಧ ಗಂಟೆ ಮುಂದಿದ್ದ ಅಲ್ಮಾಟಿ ಅಂದಿನಿಂದ ಅರ್ಧ ಗಂಟೆ ಹಿಂದೆ. ಅಲ್ಲಿ ವೈದ್ಯಕೀಯ ಓದುತ್ತಿರುವ ಮಕ್ಕಳ ಮನೆಯವರಿಗೆ ಇದು ಕೂಡಲೇ ಅನುಭವಕ್ಕೆ ಬಂದಿರುತ್ತದೆ.

ಹೊಸ ಪಂಚಾಂಗ ತಂದಿಟ್ಟರೂ ಕೆಲಸ ಮುಗಿಯಲಿಲ್ಲ. ತಿಂಗಳುಗಟ್ಟಲೆ ನಿಲ್ಲದೆ ಓಡುವ ಪ್ರೋಗ್ರಾಂ, ಶುರುವಾದಾಗ ಓದಿದ ಹಳೆಯ ನಿಯಮವನ್ನೇ ನೆನಪಿನಲ್ಲಿ ಇಟ್ಟುಕೊಂಡಿರಬಹುದು. ಅದನ್ನು ನಿಲ್ಲಿಸಿ ಮತ್ತೆ ಶುರುಮಾಡಿದರೆ ಮಾತ್ರ ಹೊಸದು ಜಾರಿ.

ಅಹಮದಾಬಾದಿಗೂ ಬೆಂಗಳೂರಿಗೂ ಒಂದೇ ಕ್ಷಣ

ದೇಶದ ಅಧಿಕೃತ ಸಮಯವನ್ನು ಪರಮಾಣು ಗಡಿಯಾರಗಳಿಂದ ಕಾಯುವುದು ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅದನ್ನು ಅಹಮದಾಬಾದ್, ಬೆಂಗಳೂರು, ಭುವನೇಶ್ವರ, ಫರೀದಾಬಾದ್, ಗುವಾಹಟಿಗಳ ಮಾಪನ ಪ್ರಯೋಗಾಲಯಗಳ ಮೂಲಕ ದೇಶಕ್ಕೆ ಹಂಚುವ ಯೋಜನೆ ಇದೆ, ಇಸ್ರೊ ಅದರಲ್ಲಿ ಜೊತೆಗಿದೆ. ಭಾರತೀಯ ಸಮಯವನ್ನು ಕಡ್ಡಾಯ ಮಾಡುವ ಕರಡು ನಿಯಮ 2025ರ ಜನವರಿಯಲ್ಲಿ ಸಾರ್ವಜನಿಕರ ಮುಂದೆ ಬಂತು. ಅದಕ್ಕೂ ಮೊದಲು, 2022ರ ಏಪ್ರಿಲ್‌ನಲ್ಲೇ, ಕಂಪ್ಯೂಟರ್ ಸುರಕ್ಷತೆಯ ಸಂಸ್ಥೆ ಸೆರ್ಟ್-ಇನ್ ಸರ್ವರ್‌ಗಳ ಗಡಿಯಾರಗಳನ್ನು ಸರ್ಕಾರಿ ಮೂಲಗಳಿಗೆ ಹೊಂದಿಸಬೇಕೆಂದು ಆದೇಶಿಸಿತ್ತು.

ಇದು ಆಗಲೇಬೇಕಾದ ಕೆಲಸ. ಆದರೆ ಇದರಿಂದ ಸರಿಯಾಗುವುದು ಎಣಿಕೆ ಮಾತ್ರ. ಗಡಿಯಾರ ಹೊಂದಿಸುವ ವ್ಯವಸ್ಥೆ ಯಂತ್ರಕ್ಕೆ ಹೇಳುವುದು ಯುಟಿಸಿಯ ಕ್ಷಣವನ್ನು. ಅದಕ್ಕೆ ಐದೂವರೆ ಕೂಡಿಸುವುದು ಆ ಯಂತ್ರದ ಲೈಬ್ರರಿ, ಆ ಯಂತ್ರದ ಕಡತ.

ಮುಂದೆ ಇನ್ನೊಂದು ಗಡುವು ಕಾದಿದೆ. ಸೆಕೆಂಡುಗಳನ್ನು 32 ಬಿಟ್‌ನಲ್ಲಿ ಎಣಿಸುವ ವ್ಯವಸ್ಥೆಗಳ ಎಣಿಕೆ 2038ರ ಜನವರಿ 19ರ ಮಂಗಳವಾರ, ನಮ್ಮ ಬೆಳಗಿನ 8 ಗಂಟೆ 44 ನಿಮಿಷ 7 ಸೆಕೆಂಡಿಗೆ ತುಂಬುತ್ತದೆ. ಮರುಕ್ಷಣ ಅವು 1901ರ ಡಿಸೆಂಬರಿಗೆ ಹಿಂದಿರುಗುತ್ತವೆ. ಮಸ್ಲ್ 2020ರ 1.2.0 ಆವೃತ್ತಿಯಲ್ಲಿ ಎಲ್ಲ ಯಂತ್ರಗಳಿಗೂ 64 ಬಿಟ್ ಎಣಿಕೆ ತಂದಿತು. ಗ್ಲಿಬ್‌ಸಿ 2021ರ 2.34ರಲ್ಲಿ 32 ಬಿಟ್ ಯಂತ್ರಗಳಿಗೂ ಅದನ್ನು ಆಯ್ಕೆಯಾಗಿ ಕೊಟ್ಟಿತು, ಆದರೆ ಪ್ರೋಗ್ರಾಂ ಅನ್ನು ಮತ್ತೆ ಕಂಪೈಲ್ ಮಾಡಿದವರಿಗೆ ಮಾತ್ರ ಅದರ ಲಾಭ. ಕಾರ್ಖಾನೆಯ ಗೋಡೆಯ ಮೇಲೆ ಹದಿನೈದು ವರ್ಷದಿಂದ ಮುಟ್ಟದೆ ಬಿಟ್ಟ ನಿಯಂತ್ರಣ ಪೆಟ್ಟಿಗೆಗಳನ್ನು ಯಾರೂ ಮತ್ತೆ ಕಂಪೈಲ್ ಮಾಡುವುದಿಲ್ಲ. ಅಂಥ ಪೆಟ್ಟಿಗೆಗಳ ಪಟ್ಟಿಯನ್ನು ಮಾಲೀಕರು ಈಗಲೇ ಮಾಡಿಟ್ಟುಕೊಳ್ಳಲಿ. ಲೆಕ್ಕದ ಸಾಫ್ಟ್‌ವೇರ್ ಕೊಂಡವರು ಅದು ಸಮಯವನ್ನು ಯಾವ ವಲಯದಲ್ಲಿ ಉಳಿಸುತ್ತದೆ, ವಲಯದ ದತ್ತಾಂಶ ಯಾವ ವರ್ಷದ್ದು ಎಂದು ಕೊಟ್ಟವರನ್ನು ಕೇಳಲಿ, ಉತ್ತರವನ್ನು ಲಿಖಿತವಾಗಿ ಪಡೆಯಲಿ. ಕೇಳಲು ಮುಂದಿನ ಮಾರ್ಚ್ 31ರವರೆಗೆ ಕಾಯುವುದು ಬೇಡ.